ಯಾರ ಕಡೆಯ ರಕ್ತ

ವೆಂಕಟರತ್ನಮ್ಮ ಮೌನಿಕಾಳಿಗೆ ಹುಟ್ಟಿದಾಗಿನಿಂದ ಅಜ್ಜಿ, ಮದುವೆಯಾದ ಮೇಲೆ ಅತ್ತೆ. ಮಗಳ ಮಗಳು ಬೇರೆ ಮನೆ ಸೇರಬಾರದೆಂದು ಹಟ ಹಿಡಿದು, ಮಗ ಮೋಹನ್‌ಬಾಬುವಿಗೆ ತಂದುಕೊಂಡವಳು ಆ ಮುದುಕಿಯೇ. ಅವರಿಗೆ ಹುಟ್ಟಿದ ಲಿಖಿತ್ ಮಾತಾಡದೆ, ಯಾರ ಮುಖವನ್ನೂ ನೋಡದೆ ತಿರುಗುವ ಫ್ಯಾನನ್ನೇ ದಿಟ್ಟಿಸುತ್ತ ಕೂರುತ್ತಿದ್ದ. ಆಟಿಸಂ ಎಂದರು ಡಾಕ್ಟರು. ಅಂದಿನಿಂದ ಮುದುಕಿಯ ಬಾಯಿಗೆ ಬಿಡುವಿಲ್ಲ.

"ನಮ್ಮ ವಂಶದಲ್ಲಿ ಇಂಥದ್ದಿಲ್ಲಮ್ಮ. ಎಲ್ಲ ಆ ಚಿಂತಾಮಣಿ ನರಸಿಂಹಪ್ಪನ ಕಡೇದು," ಎಂದು ಮೌನಿಕಾಳ ಅಪ್ಪನನ್ನು ಎಳೆದು ತರುತ್ತಿದ್ದಳು. ಸೊಸೆಯನ್ನೂ ಮಗುವನ್ನೂ ತವರಿಗಟ್ಟಿ, ತನ್ನ ತಮ್ಮನ ಮಗಳು ಕಲ್ಯಾಣಿಯನ್ನು ಮಗನಿಗೆ ತರುವ ಮಾತೂ ನಡೆದಿತ್ತು. ಮೋಹನ್‌ಬಾಬು ಬಾಯಲ್ಲಿ ಕಡುಬು ತುಂಬಿಕೊಂಡವನಂತೆ ಕೂತಿದ್ದ.

ಆಟಿಸಂ ಇರುವ ಮನೆಗಳಲ್ಲಿ ಜೀನ್ ಪರೀಕ್ಷೆ ಮಾಡಲು ಬೆಂಗಳೂರಿನಿಂದ ಡಾಕ್ಟರ್ ಸೌಜನ್ಯ ಬಂದರು. ತಾಯಿ, ತಂದೆ, ಮಗುವಿನ ರಕ್ತ ಸಾಕೆಂದರೂ ವೆಂಕಟರತ್ನಮ್ಮ ಬಿಡಲಿಲ್ಲ. "ಅವಳಪ್ಪಂದೂ ತಗೊಳ್ಳಿ, ನಿಜ ಹೊರಗೆ ಬರ್ಲಿ." ನರಸಿಂಹಪ್ಪ ತಲೆ ತಗ್ಗಿಸಿಕೊಂಡು ಬಂದು ತೋಳು ಕೊಟ್ಟು ಹೋದ. ಆ ತಗ್ಗಿದ ತಲೆಯನ್ನು ಮೌನಿಕಾ ಮರೆಯಲಿಲ್ಲ. ಮರೆಯುವ ಉದ್ದೇಶವೂ ಇರಲಿಲ್ಲ.

ಫಲಿತಾಂಶ ಬಂದಾಗ ಡಾಕ್ಟರು ಗೌರಿಬಿದನೂರಿನ ಇವರ ಮನೆಗೆ ಬಂದು, ಗಂಡಹೆಂಡತಿಗೆ ಮಾತ್ರ ಹೇಳುತ್ತೇನೆ ಎಂದರು.

"ಇಲ್ಲೇ ಹೇಳಿ ಮೇಡಂ. ಕೇಳ್ಬೇಕಾದವ್ರು ಕೇಳ್ಲಿ," ಎಂದಳು ಮೌನಿಕಾ.

"ಒಂದು ಜೀನ್ ಮೇಲೆ ನಮಗೆ ಅನುಮಾನ ಇದೆ, ಇನ್ನೂ ಖಚಿತ ಇಲ್ಲ. ಅದರಲ್ಲಿ ಒಂದೇ ಥರದ ಬದಲಾವಣೆ ನಿಮ್ಮಿಬ್ಬರಲ್ಲೂ ಇದೆ. ಮಗುವಿಗೆ ಎರಡೂ ಕಡೆಯಿಂದ ಬಂದಿದೆ. ನರಸಿಂಹಪ್ಪನವರಲ್ಲಿ ಇಲ್ಲ."

ಅಂದರೆ ಮೌನಿಕಾಳಿಗೆ ಅದು ಬಂದದ್ದು ತಾಯಿಯಿಂದ. ಆ ತಾಯಿಯನ್ನು ಹೆತ್ತವಳು ಎದುರಿಗೇ ಕುಳಿತಿದ್ದಳು.

"ತೀರ್ಕೊಂಡ ನಮ್ಮೆಜಮಾನ್ರ ಕಡೇದಿರ್ಬೇಕು," ಎಂದಳು ವೆಂಕಟರತ್ನಮ್ಮ. ಸತ್ತವರು ಎದ್ದು ಬಂದು ಜಗಳವಾಡುವುದಿಲ್ಲವಲ್ಲ.

"ನೀವು ರಕ್ತ ಕೊಟ್ಟರೆ ಗೊತ್ತಾಗುತ್ತೆ. ಬಲವಂತ ಇಲ್ಲ," ಎಂದರು ಡಾಕ್ಟರು.

"ನಂಗೆ ಸೂಜಿ ಆಗಲ್ಲ." ಮುದುಕಿ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಮೌನಿಕಾ ಫೋನ್ ತೆಗೆದಳು. "ಬೇಡ ಬಿಡಿ ಅತ್ತೆ. ಕಲ್ಯಾಣಿನೇ ಕೇಳ್ತೀನಿ. ಅವಳೂ ನಿಮ್ಮ ತವರಿನ ರಕ್ತ ತಾನೆ? ಈ ಮನೆಗೆ ಬರೋ ಮುಂಚೆ ಟೆಸ್ಟ್ ಮಾಡಿಸ್ಕೊಳ್ಳಲಿ."

ಅತ್ತ ರಿಂಗ್ ಆಗತೊಡಗಿತು. ವೆಂಕಟರತ್ನಮ್ಮನ ಕೈ ಸೆರಗಿನಿಂದ ಹೊರಗೆ ಬಂತು.

"ಇಡಮ್ಮ ಅದನ್ನ. ಕೊಡ್ತೀನಿ."

ಮುದುಕಿಯ ತೋಳಿಗೆ ಸೂಜಿ ಇಳಿಯುವಾಗಲೂ ಮೌನಿಕಾ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಹಲೋ, ಕಲ್ಯಾಣಿ," ಎಂದಳು.