ಕೋರಂ ತುಂಬದ ಸಭೆ

“ಐದನೇ ಕ್ಲಾಸು ದಾಟದವನ ಕೈಗೆ ಮೈಕು ಯಾಕೆ ಕೊಟ್ರಿ? ಉಲ್ಟಾ ಹಿಡಿದಿದಾನೆ ನೋಡಿ!”

ಧರಣೇಂದ್ರ ಗೌಡರ ಮಾತಿಗೆ ಗ್ರಾಮಸಭೆ ಗೊಳ್ಳೆಂದು ನಕ್ಕಿತು. ಬಿನುವಿನ ಕಿವಿ ಬಿಸಿಯಾಯಿತು. ಗೌಡರ ಕಾಫಿ ತೋಟದಲ್ಲಿ ಅವನೂ ಅವನ ಹೆಂಡತಿ ರೇಷ್ಮಳೂ ಕೊಯ್ಲಿನ ಆಳುಗಳು. ಆದರೂ ಅವನು ಮೈಕು ಬಿಡಲಿಲ್ಲ.

“ಕ್ರೆಷ್ ಯಾವಾಗ ತೆಗೀತೀರಿ ರಶ್ಮಿ ಚೇಚೀ? ಅದೊಂದು ಹೇಳಿ.”

ಕೂಲಿಯವರ ಕೂಸುಗಳನ್ನು ಹಗಲಿಡೀ ನೋಡಿಕೊಳ್ಳುತ್ತಿದ್ದ ಕ್ರೆಷ್‌ಗೆ ಬೀಗ ಬಿದ್ದು ತಿಂಗಳಾಗಿತ್ತು. ಪಂಚಾಯ್ತಿ ಮೆಂಬರ್ ರಶ್ಮಿ ಕೈಯಲ್ಲಿದ್ದ ಕಾಗದ ಮಡಚಿದಳು. “ಮೇಲಿಂದ ಗ್ರಾಂಟ್ ಬಂದಿಲ್ಲ ಬಿನು. ಸಂಬಳವಿಲ್ಲದೆ ಆಯಾ ಚೀರು ಎಷ್ಟು ದಿನ ಬರ್ತಾಳೆ? ಹಾಲಿಗೂ ದುಡ್ಡಿಲ್ಲ. ನಾನು ಮೂರು ಸಲ ಬರೆದೆ.”

“ಕಾಟ್ಟಿಕುಳಂ ಪೇಟೆಯಲ್ಲಿ ಪ್ರೈವೇಟ್ ಕ್ರೆಷ್ ಉಂಟಲ್ಲ,” ಅಂದರು ಹಿಂದಿನಿಂದ ಯಾರೋ.

“ಉಂಟು. ಹೆಂಡ್ತಿ ರೇಷ್ಮಳ ಅರ್ಧ ಕೂಲಿ ಅವರಿಗೆ, ಉಳಿದದ್ದು ಬಸ್ಸಿಗೆ. ನಾವು ಗಾಳಿ ಕುಡೀಬೇಕು.”

ಗೌಡರು ಕುರ್ಚಿಯಲ್ಲೇ ತಿರುಗಿದರು. “ಎಲ್ಲದಕ್ಕೂ ಸರ್ಕಾರವೇ ಬೇಕಾ? ನನಗೂ ಆಳು ಸಿಗದೆ ಹಣ್ಣು ಉದುರ್ತಾ ಉಂಟು, ನಾನೇನು ಅಳ್ತಾ ಕೂತಿದೀನಾ? ಹಿಂದೆ ನಿಮ್ಮ ತಾಯಂದಿರು ತೋಟದಲ್ಲೇ ಜೋಲಿ ಕಟ್ಟಿ ಮಲಗಿಸ್ತಿದ್ರು. ಯಾವ ಮಗು ಸತ್ತಿತು?”

“ಯಾವುದೂ ಸಾಯಲಿಲ್ಲ ಗೌಡ್ರೇ. ಆ ಜೋಲಿ ತೂಗಿದವನು ನಾನು. ಅಮ್ಮ ನಿಮ್ಮ ಹಣ್ಣು ಕೊಯ್ತಿದ್ಳು, ನಾನು ತಂಗೀನ ಕಾಯ್ತಿದ್ದೆ. ಐದನೇ ಕ್ಲಾಸು ಅಲ್ಲಿಗೇ ಮುಗೀತು. ಈಗ ನಗಿ.”

ಗೌಡರು ಮತ್ತೆ ಮುಂದಕ್ಕೆ ತಿರುಗಿ ಕೂತರು.

ಪಕ್ಕದ ಶಾಲೆಯ ಗಂಟೆ ಹೊಡೆಯಿತು. ಬಾಗಿಲಲ್ಲಿ ಅಂಜು ನಿಂತಿದ್ದಳು. ನೆರೆಮನೆ ಕುಟ್ಟನ ಮಗಳು, ಒಂಬತ್ತು ವರ್ಷ. ಸೊಂಟದ ಮೇಲೆ ಬಿನುವಿನ ಮಗಳು ಅಶ್ವತಿ. ಅಂಜು ಗಂಟೆಯ ಕಡೆಗೊಮ್ಮೆ ಕತ್ತು ತಿರುಗಿಸಿ, ಕೂಸನ್ನು ಆ ಸೊಂಟದಿಂದ ಈ ಸೊಂಟಕ್ಕೆ ಬದಲಿಸಿದಳು. ಕ್ರೆಷ್ ಮುಚ್ಚಿದ ಮರುದಿನವೇ ಕುಟ್ಟನ ಮನೆಗೆ ಹೋಗಿ, “ಕೊಯ್ಲು ಮುಗಿಯೋವರೆಗೆ ಹುಡುಗೀನ ಕಳ್ಸು” ಎಂದು ಕೇಳಿದವನು ಬಿನುವೇ.

ಮೈಕನ್ನು ಮೇಜಿನ ಮೇಲಿಟ್ಟು, ಹೋಗಿ ಮಗಳನ್ನು ಎತ್ತಿಕೊಂಡ.

“ಅಂಜೂ, ಶಾಲೆಗೆ ಹೋಗು. ನಾಳೆಯೂ ಹೋಗು.”

“ಅಶ್ವತಿ ಮೋಳನ್ನ ಯಾರು ನೋಡೋದು ಬಿನುವಣ್ಣ?”

“ನೀನಲ್ಲ. ಓಡು.”

ಅವಳು ಎರಡನೇ ಮಾತಿಗೆ ಕಾಯಲಿಲ್ಲ.

ರಶ್ಮಿ ರಿಜಿಸ್ಟರ್ ಹಿಡಿದು ಬಂದಳು. “ಸಹಿ ಹಾಕಿ ಹೋಗೋ. ಒಂದೇ ಒಂದು ಸಹಿ ಕಡಿಮೆ ಉಂಟು. ಕೋರಂ ತುಂಬದಿದ್ರೆ ಸಭೆ ನಡೆದ ಹಾಗೇ ಅಲ್ಲ, ಆನೆ ಬೇಲಿಯೂ ಪಾಸಾಗಲ್ಲ.”

ಬೇಲಿ ಗೌಡರ ತೋಟದ ಅಂಚಿನದು. ಅವರು ಎದ್ದು ಬಂದು ತಮ್ಮದೇ ಪೆನ್ನು ತೆಗೆದು ಚಾಚಿದರು. ದನಿ ಮೆತ್ತಗಾಗಿತ್ತು.

“ತಮಾಷೆಗೆ ಅಂದದ್ದು ಮಾರಾಯ. ನಿನ್ನ ಕ್ರೆಷ್ ವಿಷಯ ಮುಂದಿನ ಸಭೆಗೆ ಬರೆಸೋಣ. ಹಿಡಿ.”

ಹೊಳೆಯುವ ಪೆನ್ನಿಗೆ ಅಶ್ವತಿ ಕೈ ಚಾಚಿದಳು. ಬಿನು ಆ ಪುಟ್ಟ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದು ತನ್ನ ಎದೆಗೆ ಒತ್ತಿಕೊಂಡ. ಮಗಳನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದ.

“ಬಿನೂ, ಹೌದು ಅಲ್ಲ ಅಂತಾದ್ರೂ ಹೇಳಿ ಹೋಗೋ!” ಗೌಡರು ಪೆನ್ನು ಹಿಡಿದೇ ಬಾಗಿಲವರೆಗೆ ಬಂದರು.

ಅವನು ಸಹಿ ಹಾಕದೆ ರಸ್ತೆಗಿಳಿದು ನಡೆದ.