ವರ್ಷದೊಳಗಿನ ಬೆಟ್ಟ

ಅಪರ್ಣಾ ಕಾರು ನಿಲ್ಲಿಸುವ ಮೊದಲೇ ಚಂದ್ರಮೌಳಿಯವರು ಸೀಟ್ ಬೆಲ್ಟ್ ಬಿಚ್ಚಿ ಬಾಗಿಲಿಗೆ ಕೈ ಹಾಕಿದ್ದರು.

"ಅಪ್ಪ, ಎಲ್ಲಿಗೆ ಇಳೀತಿದೀರಾ? ಇದು ಬಂಕು. ಪೆಟ್ರೋಲ್ ಹಾಕಿಸ್ಬೇಕು ಅಷ್ಟೇ. ಸ್ವಾನ್ ವ್ಯಾಲಿ ಇನ್ನೂ ಮುಂದಿದೆ."

"ಹಾಗಾದ್ರೆ ಬೇಗ ಹಾಕ್ಸು."

"ಬೇಗ ಹೋಗಿ ಏನ್ ಮಾಡ್ಬೇಕು? ದ್ರಾಕ್ಷಿ ಬಳ್ಳಿ ಎಲ್ಲೂ ಓಡಿಹೋಗಲ್ಲ."

ದ್ರಾಕ್ಷಿ ಬಳ್ಳಿಗಳು ಓಡಿಹೋಗಿರಲಿಲ್ಲ. ಪರ್ತ್‌ನ ಚಳಿಗಾಲಕ್ಕೆ ಎಲೆ ಉದುರಿಸಿಕೊಂಡು ಸಾಲುಸಾಲಾಗಿ ನಿಂತಿದ್ದವು. ಅವುಗಳ ನಡುವೆ ರಸ್ತೆ ನೇರವಾಗಿ, ಸಪಾಟಾಗಿ ಹೋಗಿತ್ತು. ಮಗಳು ಕಾಫಿಗೆಂದು ಒಂದು ತೋಟದ ಮುಂದೆ ಕಾರು ನಿಲ್ಲಿಸಿದಳು. ಚಂದ್ರಮೌಳಿಯವರು ಅರ್ಧ ಲೋಟ ಕುಡಿದು ಎದ್ದು ನಿಂತರು. ಕುಳಿತ ಕಡೆ ಎದೆ ಒತ್ತಿದಂತಾಗುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ನಡೆದರೆ ಸ್ವಲ್ಪ ಸಡಿಲವಾಗುತ್ತಿತ್ತು, ಮತ್ತೆ ಕುಳಿತರೆ ಅದೇ.

"ಇಲ್ಲಿ ಒಂದು ತಿರುವೂ ಇಲ್ಲ," ಎಂದರು.

"ನೀವು ಇಲ್ಲಿಗೆ ಬಂದಿದ್ದು ತಿರುವು ನೋಡೋಕಲ್ಲ, ನಮ್ಮನ್ನ ನೋಡೋಕೆ," ಎಂದಳು ಅಪರ್ಣಾ. ನಗುತ್ತಲೇ ಹೇಳಿದಳು, ಆದರೆ ಮುಖ ಆ ಕಡೆ ತಿರುಗಿಸಿಕೊಂಡಳು.

ಕಳೆದ ಕಾರ್ತಿಕದಲ್ಲಿ ಹೆಂಡತಿ ಅಹಲ್ಯಾ ತೀರಿಕೊಂಡಿದ್ದರು. ಅಡಿಲೇಡ್‌ನ ಮನೆಯಲ್ಲಿ ಬೆಳಗಿನ ಪೂಜೆಗೆ ಹೂ ಬಿಡಿಸಲು ಹಿತ್ತಲಿಗೆ ಹೋದವರು ಅಲ್ಲೇ ಗಿಡದ ಬುಡದಲ್ಲಿ ಕುಸಿದಿದ್ದರು. ಗಂಡ ಹೆಂಡತಿ ಇಬ್ಬರೂ ವೈದ್ಯರು, ಆದರೂ ಮಾಡುವುದೇನೂ ಉಳಿದಿರಲಿಲ್ಲ. ಚಂದ್ರಮೌಳಿಯವರು ಮಕ್ಕಳ ವೈದ್ಯರಾಗಿ ಒಂದೇ ಆಸ್ಪತ್ರೆಯಲ್ಲಿ, ಒಂದೇ ಕುರ್ಚಿಯಲ್ಲಿ ಕುಳಿತು ನಿವೃತ್ತರಾದವರು. ಅಹಲ್ಯಾ ಅರಿವಳಿಕೆ ತಜ್ಞೆ. ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳಿಗೆ ತಾವೇ ಕಾರು ಓಡಿಸಿಕೊಂಡು ಹೋಗಿಬರುತ್ತಿದ್ದರು. ಆ ಮನೆಯಲ್ಲಿ ಸ್ಟಿಯರಿಂಗ್ ಯಾವಾಗಲೂ ಅವರದೇ. ಪಕ್ಕದಲ್ಲಿ ಕುಳಿತು ಕಿತ್ತಳೆ ಸುಲಿದು ಕೊಡುವುದು ಗಂಡನ ಕೆಲಸ.

ಕೆಲಸ ಮುಗಿಸಿ ಬಂದ ರಾತ್ರಿಗಳಲ್ಲಿ ಅಹಲ್ಯಾ ಯುರೋಪಿನ ರಸ್ತೆಗಳ ವಿಡಿಯೊ ಹಾಕಿಕೊಂಡು ಕುಳಿತುಕೊಳ್ಳುತ್ತಿದ್ದರು. ಆಸ್ಟ್ರಿಯಾದಲ್ಲಿ ಹಿಮನದಿಯ ಪಕ್ಕದಲ್ಲೇ ಏರುವ ಗ್ರೋಸ್‌ಗ್ಲೋಕ್ನರ್ ರಸ್ತೆ, ಗೋಡೆಗೆ ಅಂಟಿಸಿದ ರಿಬ್ಬನ್ನಿನಂತೆ ಮಡಿಚಿ ಮಡಿಚಿ ಹತ್ತುವ ಇಟಲಿಯ ಸ್ಟೆಲ್ವಿಯೊ, ಕಲ್ಲಿನ ಗೋಪುರಗಳಂಥ ಡೋಲೊಮೈಟ್ ಶಿಖರಗಳ ನಡುವೆ ನುಸುಳುವ ಕಣಿವೆ ದಾರಿಗಳು. ಎಲ್ಲಿಂದ ಹೊರಟು ಯಾವ ಊರಿನಲ್ಲಿ ತಂಗಬೇಕೆಂಬುದನ್ನೂ ಅವರೇ ಗೊತ್ತು ಮಾಡಿದ್ದರು. ಒಂದು ದಿನ ಹೇಳಿದರು: "ಈ ಸಲ ನೀವು ಓಡಿಸಬೇಕು ಕಣ್ರೀ. ಜೀವನಪೂರ್ತಿ ನಾನು ಟಾರು ನೋಡಿದ್ದೇ ಆಯ್ತು. ನಾನು ಪಕ್ಕದಲ್ಲಿ ಕೂತು ಬೆಟ್ಟ ನೋಡ್ತೀನಿ." ಚಂದ್ರಮೌಳಿಯವರು ಆಗಲಿ ಎಂದು ಮಾತು ಕೊಟ್ಟಿದ್ದರು. ಸೆಪ್ಟೆಂಬರಿಗೆಂದು ಬ್ರಿಸ್ಬೇನ್‌ನ ಕಿರಿಯ ಮಗಳು ಪೂರ್ವಿ ಟಿಕೆಟ್ಟನ್ನೂ ಕಾರನ್ನೂ ಕಾಯ್ದಿರಿಸಿದ್ದಳು.

ಅಹಲ್ಯಾ ಹೋದ ಮೇಲೆ ಪೂರ್ವಿ ಒಂದು ಟಿಕೆಟ್ ರದ್ದು ಮಾಡಿದಳು. ಇನ್ನೊಂದನ್ನು ಮಾಡಬೇಡವೆಂದು ತಂದೆ ತಡೆದರು.

ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಅದೂ ಈ ವರ್ಷವೇ. ಅವರ ಕಣ್ಣಿನಲ್ಲಿ ಗ್ಲಾಕೋಮಾ ಇತ್ತು. ಪಕ್ಕದ ನೋಟ ನಿಧಾನವಾಗಿ ಕುಗ್ಗುತ್ತಿತ್ತು. ಈ ವರ್ಷಕ್ಕೆ ತೊಂದರೆಯಿಲ್ಲ, ಮುಂದಿನ ವರ್ಷ ಲೈಸೆನ್ಸ್ ಉಳಿಯುವುದು ಅನುಮಾನ ಎಂದು ಕಣ್ಣಿನ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆದರೆ ಅವರ ಮನೆತನದಲ್ಲಿ ಒಂದು ನಿಯಮವಿತ್ತು. ಸಾವಾದ ಮನೆಯವರು ವರ್ಷದೊಳಗೆ ಬೆಟ್ಟ ಹತ್ತಬಾರದು. ಗಂಡುಮಕ್ಕಳಿಲ್ಲದ್ದರಿಂದ ಅಹಲ್ಯಾ ಅವರ ಕರ್ಮಗಳನ್ನೆಲ್ಲ ಚಂದ್ರಮೌಳಿಯವರೇ ಮಾಡಿದ್ದರು, ಮಾಡುತ್ತಲೂ ಇದ್ದರು. ನಿಯಮ ಅವರಿಗೆ ಎಲ್ಲರಿಗಿಂತ ಹೆಚ್ಚು ಅನ್ವಯಿಸುತ್ತಿತ್ತು. ವರ್ಷಾಬ್ದಿಕ ಮುಗಿಯುವ ಹೊತ್ತಿಗೆ ಆಲ್ಪ್ಸ್‌ನ ದಾರಿಗಳು ಹಿಮ ಬಿದ್ದು ಮುಚ್ಚಿರುತ್ತವೆ. ಮತ್ತೆ ತೆರೆಯುವುದು ಮುಂದಿನ ವರ್ಷ ಅಲ್ಲಿಯ ಬೇಸಿಗೆಗೆ. ಅಷ್ಟರಲ್ಲಿ ಕಣ್ಣು?

ಪರ್ತ್‌ನಲ್ಲಿ ಇನ್ನೂ ಎರಡು ವಾರ ಇರಬೇಕಾದವರು ಮರುದಿನವೇ ಬ್ರಿಸ್ಬೇನಿಗೆ ಹೊರಟರು. ಅಪರ್ಣಾ ವಿಮಾನ ನಿಲ್ದಾಣದವರೆಗೆ ಬಿಟ್ಟು, ಕಾರಿನಿಂದ ಇಳಿಯದೆ ಹಾಗೇ ತಿರುಗಿಸಿಕೊಂಡು ಹೋದಳು.

ಬ್ರಿಸ್ಬೇನ್‌ಗೆ ಹೋಗಲು ಕಾರಣವಿತ್ತು. ತಿಂಗಳು ತಿಂಗಳು ಅಹಲ್ಯಾ ಅವರ ತಿಥಿಯಂದು ಮಾಡಬೇಕಾದ ಮಾಸಿಕವನ್ನು ಅಕ್ಷಯ ಎಂಬ ಯುವಕ ಮಾಡಿಸುತ್ತಿದ್ದ. ಅಕ್ಷಯ ಮೈಸೂರಿನ ಪಾಠಶಾಲೆಯಲ್ಲಿ ಕಲಿತವನು. ಈಗ ಬ್ರಿಸ್ಬೇನ್‌ನ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯ ಟೆಕ್ನಾಲಜಿ ಪಾರ್ಕಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ. ಪೂರ್ವಿಯ ಮನೆ ಅಲ್ಲಿಂದ ಎರಡು ಬೀದಿ ಆಚೆ. ಮೀಟಿಂಗುಗಳ ನಡುವೆ ಬಿಡುವು ಮಾಡಿಕೊಂಡು ಬಂದು, ಪಂಚೆ ಉಟ್ಟು, ಪಿಂಡ ಇಡಿಸಿ, ಮತ್ತೆ ಪ್ಯಾಂಟು ಹಾಕಿಕೊಂಡು ಹೊರಡುತ್ತಿದ್ದ. ಆದರೆ ಮಂತ್ರ ಹೇಳುವಾಗ ಒಂದಕ್ಷರವನ್ನೂ ನುಂಗುತ್ತಿರಲಿಲ್ಲ. ಅದಕ್ಕೇ ಚಂದ್ರಮೌಳಿಯವರಿಗೆ ಅವನ ಮೇಲೆ ಗೌರವ.

ಅಂದು ಮಾಸಿಕ ಮುಗಿದ ಮೇಲೆ, ವರ್ಷದೊಳಗೆ ಇಟಲಿಯ ಬೆಟ್ಟ ಹತ್ತಬಹುದೇ ಎಂದು ಅವರು ಕೇಳಿಯೇಬಿಟ್ಟರು.

ಅಕ್ಷಯ ಎಲೆಯ ಮುಂದೆ ಕುಳಿತು ಸ್ವಲ್ಪ ಯೋಚಿಸಿದ. "ಅಂಕಲ್, ಬೆಟ್ಟ ಅಂದ್ರೆ ನಮ್ಮ ಕಡೆ ದೇವರ ಬೆಟ್ಟ. ತಿರುಪತಿ, ಚಾಮುಂಡಿ ಬೆಟ್ಟ, ಆ ಥರ. ಇಟಲಿ ಬೆಟ್ಟಕ್ಕೆ ಅದು ಅಪ್ಲೈ ಆಗಲ್ಲ ಅನ್ಸತ್ತೆ."

"ಯಾಕೆ ಆಗಲ್ಲ?"

"ಅಲ್ಲಿ ದೇವಸ್ಥಾನ ಇಲ್ವಲ್ಲ."

"ದೇವಸ್ಥಾನ ಇಲ್ಲ ಸರಿ. ದೇವರು ಇಲ್ಲದ ಬೆಟ್ಟ ಯಾವುದು ಹೇಳಿ, ಆಚಾರ್ಯರೇ."

ಅಕ್ಷಯ ಪಾಯಸದ ಲೋಟ ಕೆಳಗಿಟ್ಟ. "ಅಂಕಲ್, ದಾರಿ ತೋರಿಸಿದ್ರೆ ನೀವೇ ಅಡ್ಡ ನಿಲ್ತೀರಲ್ಲ!"

ಅಡುಗೆಮನೆಯಿಂದ ಪೂರ್ವಿ, "ಅದೇ ಅವರ ಸ್ಪೆಷಾಲಿಟಿ," ಎಂದಳು. "ಹೋಗ್ಲೂ ಬಿಡಲ್ಲ, ಇರ್ಲೂ ಬಿಡಲ್ಲ. ಅಪ್ಪ, ಆ ಟಿಕೆಟ್ ಏನ್ ಮಾಡ್ಲಿ? ಈ ತಿಂಗಳೇ ಏರ್‌ಲೈನ್‌ನವರಿಗೆ ಹೇಳ್ಬೇಕು."

"ಇರಲಿ. ಹೇಳ್ತೀನಿ."

ರಾತ್ರಿ ಜಪಕ್ಕೆ ಕುಳಿತರೆ ಮಣಿ ಜಾರಿ ಜಾರಿ ಹೋಯಿತು. ಹೋಗುವುದೋ ಬಿಡುವುದೋ ಆಮೇಲೆ ನಿರ್ಧಾರವಾಗಲಿ, ಕಾರು ಓಡಿಸುವ ಅಭ್ಯಾಸ ಮಾಡುವುದರಲ್ಲಿ ದೋಷವಿಲ್ಲವಲ್ಲ ಎಂದುಕೊಂಡರು. ಹಾಗೆ ಅಂದುಕೊಂಡ ಮೇಲೆಯೇ ನಿದ್ದೆ ಬಂತು. ಆ ವಾರವೇ ಅಡಿಲೇಡಿಗೆ ಹಿಂತಿರುಗಿದರು.

ಕಾಯ್ದಿರಿಸಿದ ಕಾರಿಗೆ ಕೈಯಿಂದ ಗೇರ್ ಹಾಕಬೇಕಿತ್ತು. ಚಂದ್ರಮೌಳಿಯವರು ಅಂಥ ಕಾರು ಮುಟ್ಟಿ ತಲೆಮಾರು ಕಳೆದಿತ್ತು. ಅದನ್ನು ಹೇಳಿಕೊಟ್ಟವರು ನೆರೆಮನೆಯ ಆರ್ಥರ್. ಕುಂದಾಪುರದ ಕಡೆಯವರು, ಕುವೈತಿನಲ್ಲಿ ಬಹುಕಾಲ ವರ್ಕ್‌ಶಾಪ್ ನಡೆಸಿ, ಮಗ ಜಾಕ್ಸನ್ ಇಲ್ಲಿಗೆ ಬಂದ ಮೇಲೆ ಹೆಂಡತಿ ರೀಟಾಳೊಂದಿಗೆ ಅವನ ಹಿಂದೆ ಬಂದವರು. ಅವರ ಹಳೆಯ ಗೇರಿನ ಕಾರನ್ನು ಮಗ ಮಾರಲು ಹೇಳಿದರೂ ಮಾರಿರಲಿಲ್ಲ.

"ಕ್ಲಚ್ಚು ಅಂದ್ರೆ ಮಗುವಿನ ಹೊಟ್ಟೆ ಒತ್ತಿ ನೋಡ್ತೀರಲ್ಲ, ಹಾಗೆ ಮಾಡಿ ಡಾಕ್ಟ್ರೇ. ನೀವು ಎಂತ ಮಾರಾಯ್ರೆ, ಹಾವು ತುಳಿದ ಹಾಗೆ ತುಳೀತೀರಿ!"

"ಮಗು ಅಳತ್ತೆ, ನಿಲ್ಲಿಸ್ತೀನಿ. ನಿಮ್ಮ ಕಾರು ಅತ್ತರೂ ನೀವು ನಿಲ್ಲಿಸೋಕೆ ಬಿಡಲ್ಲ."

"ಅದು ಅಳುದಲ್ಲ, ಬೈಯುದು."

ಮೊದಲು ಬೀದಿಯಲ್ಲಿ, ಆಮೇಲೆ ಸಮುದ್ರದ ಪಕ್ಕದ ರಸ್ತೆಯಲ್ಲಿ, ಆಮೇಲೆ ಊರಿನ ಪೂರ್ವಕ್ಕೆ ಮ್ಯಾಗಿಲ್‌ನಿಂದ ನಾರ್ಟನ್ ಸಮ್ಮಿಟ್‌ಗೆ ಹೋಗುವ ಅಂಕುಡೊಂಕು ರಸ್ತೆಯಲ್ಲಿ ಕಲಿಕೆ ನಡೆಯಿತು. ಪ್ರತಿದಿನ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ವಿಭೂತಿ ಇಟ್ಟುಕೊಂಡು, ಚಂದ್ರಮೌಳಿಯವರು ಆರ್ಥರ್ ಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದರು. ರೀಟಾ ಒಳಗಿನಿಂದಲೇ, "ಬಂದ್ರು ನೋಡಿ ನಿಮ್ಮ ಶಿಷ್ಯ," ಎನ್ನುತ್ತಿದ್ದಳು. ಕಡಿದಾದ ತಿರುವಿಗೆ ಮೂರನೆಯಿಂದ ಎರಡನೆಯ ಗೇರಿಗೆ ಇಳಿಸುವುದು, ಏರಿನಲ್ಲಿ ನಿಂತ ಕಾರು ಹಿಂದಕ್ಕೆ ಜಾರದಂತೆ ಎತ್ತುವುದು, ಇವೇ ಅವರ ದಿನವಾದವು. ಎದೆಯ ಒತ್ತಡ ಆ ಹೊತ್ತಿನಲ್ಲಿ ಮಾತ್ರ ಇರುತ್ತಿರಲಿಲ್ಲ. ಇಳಿದು ಮನೆಗೆ ಬಂದೊಡನೆ ಮತ್ತೆ ಹಾಜರಾಗುತ್ತಿತ್ತು. ಆಗ ಮರುದಿನಕ್ಕೆ ಕಾಯುತ್ತಿದ್ದರು.

ಒಂದು ಬೆಳಿಗ್ಗೆ ಮೇಲೆ ತಲುಪಿ ಹಳೆಯ ಹೋಟೆಲಿನ ಪಕ್ಕ ಕಾರು ನಿಲ್ಲಿಸಿದರು. ಆರ್ಥರ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು.

"ಆ ಮೂರನೇ ತಿರುವಿನಲ್ಲಿ ಮರದ ಮೇಲೆ ಕೋವಾಲಾ ಕಂಡಿತಾ? ಮರಿ ಬೆನ್ನಿಗೆ ಹಾಕಿಕೊಂಡಿತ್ತು."

"ಎಲ್ಲಿ? ನಾನು ಗೇರ್ ಹಾಕ್ತಿದ್ದೆ."

"ನೀವು ಇಷ್ಟು ದಿನದಲ್ಲಿ ಒಂದು ಕೋವಾಲಾವೂ ಕಂಡದ್ದಿಲ್ಲ. ಇರ್ಲಿ, ಯುರೋಪಿಗೆ ಯಾವಾಗ ಹೋಗುದು? ಅಲ್ಲಿ ಬಲಬದಿಗೆ ಓಡಿಸ್ಬೇಕು. ಅದೂ ಹೇಳಿಕೊಡ್ಬೇಕಲ್ಲ, ಕುವೈತಲ್ಲಿ ಹಾಗೆಯೇ."

ಆಗ ಚಂದ್ರಮೌಳಿಯವರು ಮೊದಲ ಬಾರಿಗೆ ತಮ್ಮ ತೊಡಕನ್ನು ಆರ್ಥರ್‌ಗೆ ಹೇಳಿದರು. ಕಣ್ಣಿನ ವಿಷಯ, ಹಿಮ ಬೀಳುವ ವಿಷಯ, ಅಕ್ಷಯ ಹೇಳಿದ್ದು, ಎಲ್ಲವನ್ನೂ. "ವರ್ಷದೊಳಗೆ ಬೆಟ್ಟ ಹತ್ತಬಾರದು ಆರ್ಥರ್. ಇದನ್ನ ಹೇಗೆ ದಾಟಬೇಕೋ ಗೊತ್ತಾಗ್ತಿಲ್ಲ. ಮೀರಿದ್ರೆ ಅವಳಿಗೆ ಏನಾಗತ್ತೋ ಅಂತ ಭಯ."

ಆರ್ಥರ್ ಕೇಳಿಸಿಕೊಂಡರು. ಫ್ಲಾಸ್ಕಿನ ಮುಚ್ಚಳ ಹಾಕಿದರು. ಆ ಕಡೆ ನೋಡಿದರು, ಈ ಕಡೆ ನೋಡಿದರು. ಕೆಳಗೆ ಊರೆಲ್ಲ ಹರಡಿಕೊಂಡಿತ್ತು, ಅದರಾಚೆ ಸಮುದ್ರ ಬೆಳ್ಳಗೆ ಹೊಳೆಯುತ್ತಿತ್ತು.

"ಡಾಕ್ಟ್ರೇ, ತಪ್ಪು ತಿಳೀಬೇಡಿ ಆಯ್ತಾ. ಹಾಗಾದ್ರೆ ನಾವೀಗ ಕೂತದ್ದು ಎಲ್ಲಿ?"

ಚಂದ್ರಮೌಳಿಯವರು ಕೆಳಗೆ ನೋಡಿದರು. ಮನೆಗಳ ಚಾವಣಿಗಳು ಬಹಳ ಕೆಳಗಿದ್ದವು. ಊರಿನವರೆಲ್ಲ ಈ ಜಾಗಕ್ಕೆ ಬೆಟ್ಟ ಎಂದೇ ಹೇಳುತ್ತಾರೆ. ಅವರೂ ಎಷ್ಟೋ ವರ್ಷ ಹಾಗೆಯೇ ಹೇಳಿದ್ದರು. ಇಟಲಿಯ ಬೆಟ್ಟಕ್ಕಾಗಿ ಪುರೋಹಿತರನ್ನು ಕೇಳಿದವರು, ವಿಭೂತಿ ಇಟ್ಟುಕೊಂಡು ದಿನ ಬೆಳಗಾದರೆ ಬೆಟ್ಟ ಹತ್ತುತ್ತಿದ್ದರು. ಒಂದು ದಿನವಾದರೂ ಹೊಳೆಯಲಿಲ್ಲ. ಕಣ್ಣಿಗೆ ಕಂಡದ್ದು ಟಾರು, ಬಿಳಿ ಗೆರೆ, ಮುಂದಿನ ತಿರುವು ಅಷ್ಟೇ.

"ರಾಮ ರಾಮ," ಎಂದರು. ಏಳಹೋಗಿ ಚಹಾವನ್ನು ಪ್ಯಾಂಟಿನ ಮೇಲೆ ಚೆಲ್ಲಿಕೊಂಡರು. "ಎಂಥ ಕೆಲಸ ಆಯ್ತು ಆರ್ಥರ್! ನೀವಾದ್ರೂ ಹೇಳಬಾರದಿತ್ತಾ?"

"ನನಗೆ ನಿಮ್ಮ ಕ್ರಮ ಎಂತ ಗೊತ್ತು? ನಾನು ಕ್ಲಚ್ ಹೇಳಿಕೊಡುವವ." ಆರ್ಥರ್ ಟವೆಲ್ ಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. "ನಮ್ಮಲ್ಲಿಯೂ ಚರ್ಚಿನಲ್ಲಿ ವರ್ಷದ ಪೂಜೆ ಆಗುವ ತನಕ ಮದುವೆ, ಗಮ್ಮತ್ತು ಇಲ್ಲ. ನನ್ನ ಅಮ್ಮನನ್ನು ಯಾಕೆ ಅಂತ ಕೇಳಿದ್ದೆ. ಸತ್ತವರಿಗೆ ಮೊದಲ ವರ್ಷ ಮನೆಯ ನೆನಪು ಹೋಗುದಿಲ್ಲ, ತಿರುಗಿ ನೋಡ್ಲಿಕ್ಕೆ ಬಂದ್ರೆ ಒಳಗೆ ಯಾರಾದ್ರೂ ಬೇಕಲ್ಲ ಮಗಾ ಅಂದ್ಲು. ಪಾದ್ರಿ ಕೇಳಿದ್ರೆ ಬೈದಾರು. ಆದ್ರೆ ಅಮ್ಮ ಹೇಳಿದ್ದು ಅದು."

ಚಂದ್ರಮೌಳಿಯವರು ಟವೆಲ್ಲನ್ನು ಮಡಿಚಿ ಮಡಿಚಿ ಇಟ್ಟರು. ಕಾರ್ತಿಕದಿಂದ ಈಚೆಗೆ ಅವರು ತಮ್ಮ ಮನೆಯಲ್ಲಿ ಒಂದು ತಿಂಗಳು ನೆಟ್ಟಗೆ ನಿಂತದ್ದಿಲ್ಲ. ಪರ್ತ್, ಬ್ರಿಸ್ಬೇನ್, ಮತ್ತೆ ಪರ್ತ್. ಇಲ್ಲಿದ್ದ ದಿನಗಳಲ್ಲೂ ಬೆಳಗಾದರೆ ಆರ್ಥರ್ ಬಾಗಿಲಲ್ಲಿ. ಅಹಲ್ಯಾ ಬಂದಿದ್ದರೆ? ಬೀಗ ನೋಡಿಕೊಂಡು ಹೋಗಿದ್ದಾಳು. ಯಾವ ಊರಿಗೆಂದು ಹುಡುಕಿಕೊಂಡು ಹೋದಾಳು? ಇನ್ನು ಇಟಲಿಗೆ ಹೋದರೆ ಪಕ್ಕದ ಸೀಟಿನಲ್ಲಿ ಬೆಟ್ಟ ನೋಡುವವರು ಯಾರು? ಅವರಿಗಂತೂ ಕಾಣುವುದು ಟಾರು ಮಾತ್ರ.

"ನಡೀರಿ, ಮನೆಗೆ ಹೋಗೋಣ," ಎಂದರು.

"ನಾನು ಓಡಿಸ್ಲಾ?"

"ಬೇಡ. ಹತ್ತಿಸಿದವನು ನಾನು, ಇಳಿಸೋನೂ ನಾನೇ."

ಇಳಿಜಾರಿನಲ್ಲಿ ಅವರು ಆತುರಪಡಲಿಲ್ಲ. ಎರಡನೆಯ ಗೇರಿನಲ್ಲಿ ಕಾರು ತನ್ನ ಭಾರವನ್ನು ತಾನೇ ಹಿಡಿದುಕೊಂಡು ತಿರುವಿನಿಂದ ತಿರುವಿಗೆ ನೀರಿನಂತೆ ಇಳಿಯಿತು. ಎದುರಿನಿಂದ ಸೈಕಲ್ಲಿನವರ ಗುಂಪೊಂದು ಏದುಸಿರು ಬಿಡುತ್ತ ಬಂತು. ಅವರಿಗೆ ದಾರಿ ಬಿಟ್ಟು ನಿಂತರು, ಮತ್ತೆ ಎತ್ತಿದರು. ಒಮ್ಮೆಯೂ ಕಾರು ಮುಗ್ಗರಿಸಲಿಲ್ಲ.

ಮ್ಯಾಗಿಲ್‌ನ ದೀಪದ ಹತ್ತಿರ ಆರ್ಥರ್ ಎಂದರು: "ಈವತ್ತು ಪಾಸ್ ನೀವು. ಇನ್ನು ಯಾವ ದೇಶದ ಘಾಟಿಗೆ ಬೇಕಾದ್ರೂ ಹೋಗಿ."

"ಹೌದು. ಈವತ್ತು ಬಂತು," ಎಂದರು ಚಂದ್ರಮೌಳಿಯವರು.

ಮನೆಗೆ ಬಂದು ತಲೆಗೆ ಸ್ನಾನ ಮಾಡಿದರು. ತಿಳಿಯದೆ ಆದ ತಪ್ಪಿಗೆಂದು ದೇವರ ಮುಂದೆ ಗಾಯತ್ರಿ ಹೇಳಿಕೊಂಡರು. ಆಮೇಲೆ ಪೂರ್ವಿಗೆ ಫೋನ್ ಮಾಡಿದರು.

"ಆ ಟಿಕೆಟ್ ಬೇಡಮ್ಮ. ಕಾರೂ ಬೇಡ."

"ಅಪ್ಪ, ನೆಕ್ಸ್ಟ್ ಇಯರ್ ನಿಮ್ಮ ಕಣ್ಣು..."

"ಗೊತ್ತು. ಓಡಿಸೋದು ಮುಗೀತು ಅಂತ್ಲೇ ತಿಳ್ಕೋ."

"ಅಮ್ಮನಿಗೆ ಪ್ರಾಮಿಸ್ ಮಾಡಿದ್ರಿ ಅಂತ ಅಷ್ಟು ಹಠ ಮಾಡಿದ್ರಲ್ಲ?"

"ಮಾಡಿದ್ದೆ. ಅವಳಿಗೆ ಹೇಳ್ಕೋತೀನಿ."

"ಸರಿ ಬಿಡಿ. ಹಾಗಾದ್ರೆ ಈ ವೀಕೆಂಡ್ ಇಲ್ಲಿಗೆ ಬಂದ್ಬಿಡಿ. ಮಾಸಿಕನೂ ಹತ್ರ ಬಂತು."

"ಇಲ್ಲ. ಇನ್ಮೇಲೆ ಮಾಸಿಕ ಇಲ್ಲೇ ಮಾಡ್ತೀನಿ. ಅಕ್ಷಯ ಅಲ್ಲಿಂದಲೇ ವಿಡಿಯೊದಲ್ಲಿ ಹೇಳಿಸ್ಲಿ. ಅಪರ್ಣಂಗೂ ಹೇಳು, ನನ್ನನ್ನ ನೋಡ್ಬೇಕು ಅನ್ಸಿದ್ರೆ ನೀವೇ ಬನ್ನಿ."

"ಅಲ್ಲಿ ಒಬ್ರೇ ಏನ್ ಮಾಡ್ತೀರಾ?"

"ಮನೇಲಿ ಕೂತಿರ್ತೀನಿ."

"ಕೂತಿರ್ತೀರಾ? ನೀವಾ?" ಪೂರ್ವಿ ನಕ್ಕಳು. ನಗು ನಡುವೆಯೇ ಒಡೆದು ಅಳುವಾಯಿತು. ಚಂದ್ರಮೌಳಿಯವರು ಫೋನ್ ಇಡಲಿಲ್ಲ. ಮಗಳ ಅಳು ನಿಲ್ಲುವವರೆಗೆ, ಎದೆಯ ಒತ್ತಡ ಏಳೆಂದರೂ ಏಳದೆ, ಹಿತ್ತಲಿನ ಬಾಗಿಲು ತೆರೆದಿಟ್ಟುಕೊಂಡು ಅಲ್ಲೇ ಕುಳಿತಿದ್ದರು.