ಹುಣಸೆ ಸೊಪ್ಪಿನ ವಾಸನೆ

ಬಚ್ಚಲ ನೀರು ಹರಿದು ಹೋಗುವ ಕಡೆ, ಬಾಳೆಗಿಡದ ಬುಡದಲ್ಲಿ, ಅನುಷಾ ಕುಡುಗೋಲಿನ ತುದಿಯಿಂದ ಮಣ್ಣು ಕೆದಕುತ್ತಿದ್ದಳು. ಎರೆಹುಳು ಸಿಕ್ಕರೆ ತುಂಡಾಗದಂತೆ ಎರಡು ಬೆರಳಲ್ಲಿ ಎತ್ತಿ ತೆಂಗಿನ ಚಿಪ್ಪಿಗೆ ಹಾಕಿ, ಮೇಲೆ ಒಂದಿಷ್ಟು ಹಸಿ ಮಣ್ಣು ಉದುರಿಸುವಳು. ಒಳಗೆ ಅವ್ವ ಹುಲಿಗೆಮ್ಮ ಇನ್ನೂ ಮಲಗಿದ್ದಳು. ಗೆಳತಿ ಅಮೂಲ್ಯಾ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಾನೂ ಒಂದು ಕಡ್ಡಿ ತೆಗೆದುಕೊಂಡು ಕೆದಕತೊಡಗಿದಳು. ಚಿಪ್ಪು ಅರ್ಧ ತುಂಬಿದ ಮೇಲೆ ಇಬ್ಬರೂ ಎದ್ದು ಗಾಳ ಹಿಡಿದು ಕೆರೆಯ ಕಡೆ ಹೊರಟರು.

ಏಳು ಬೇಸಿಗೆಯಿಂದ ಇದು ಹೀಗೇ ನಡೆದಿತ್ತು. ಅವ್ವ ಜಾರಿ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅನುಷಾ ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಹೊಲಿಗೆ ಮಷೀನಿನ ಮುಂದೆ ಕೂತಳು. ಅಮೂಲ್ಯಾ ಓದುತ್ತ ಹೋದಳು. ಊರು ಸಿಂಗಟಗೆರೆಯಿಂದ ದಿನಾ ಬಸ್ಸು ಹತ್ತಿ ಡಿಗ್ರಿ ಮುಗಿಸಿದ್ದಳು. ಜೂನ್ ಬಂದರೆ ಮುಂದಿನ ಓದಿಗೆ ಶಿವಮೊಗ್ಗದ ಹಾಸ್ಟೆಲು. ಅವಳ ಮನೆಯವರು ಲಿಂಗ ಕಟ್ಟಿದವರು. ಮೀನು ಹಾಗಿರಲಿ, ಅದರ ಮಾತೂ ಹೊಸ್ತಿಲು ದಾಟುವಂತಿರಲಿಲ್ಲ. ಅದಕ್ಕೇ ಪ್ರತಿ ರಜದಲ್ಲೂ ಅನುಷಾಳ ಹತ್ತಿರ ಹೊಲಿಗೆ ಕಲಿಯಲು ಹೋಗುತ್ತೇನೆಂದು ತಾಯಿ ಗುರುಶಾಂತಮ್ಮನಿಗೆ ಹೇಳಿ ಬರುತ್ತಿದ್ದಳು. ಮೀನು ಅವಳಿಗೆ ತಿನ್ನಲು ಬೇಕಿರಲಿಲ್ಲ. ಗಾಳದ ಬೆಂಡು ನೀರಲ್ಲಿ ಗುಳಕ್ಕನೆ ಮುಳುಗುವ ಆ ಒಂದು ಗಳಿಗೆ ಬೇಕಿತ್ತು, ಅಷ್ಟೇ. ಹಿಡಿದದ್ದೆಲ್ಲ ಅನುಷಾಳ ಮನೆಯ ಸಾರಿಗೆ. ವಾಪಸ್ಸು ಹೊರಡುವಾಗ ಕೆರೆ ಏರಿಯ ಮೇಲಿನ ಹುಣಸೆ ಮರದಿಂದ ಸೊಪ್ಪು ತರಿದು, ಅಂಗೈಯಲ್ಲಿ ಹೊಸಕಿ ಕೈ ತೊಳೆದರೆ ಮೀನಿನ ವಾಸನೆ ಹೋಗುತ್ತಿತ್ತು.

ಅನುಷಾಗೆ ಆ ಕೆರೆ ಬೇಕಿದ್ದದ್ದು ಬೇರೆ ಕಾರಣಕ್ಕೆ. ಊರಲ್ಲಿ ಅವಳು ಬಾಯಿ ಬಿಡುವವಳಲ್ಲ. ಬ್ಲೌಸಿನ ಅಳತೆ ಕೇಳುವಾಗಲೂ ಕಣ್ಣು ಟೇಪಿನ ಮೇಲೇ. ತೂಬಿನ ಕಲ್ಲಿನ ಮೇಲೆ ಅಮೂಲ್ಯಾಳ ಪಕ್ಕ ಕೂತು, ಇಬ್ಬರೂ ನೀರನ್ನೇ ನೋಡುತ್ತಿರುವಾಗ ಮಾತ್ರ ಮಾತು ತಾನಾಗಿ ಬರುತ್ತಿತ್ತು. ವರ್ಷವೆಲ್ಲ ಕಂಡದ್ದನ್ನು, ಯಾರಿಗೂ ಹೇಳದ್ದನ್ನು, ಆ ನಾಲ್ಕಾರು ವಾರಕ್ಕೆಂದೇ ಕೂಡಿಟ್ಟುಕೊಂಡಿರುತ್ತಿದ್ದಳು. ಈ ಸಲ ಇನ್ನು ಹತ್ತು ಬೆಳಗು ಉಳಿದಿದ್ದವು. ಹೇಳುವುದು ಇನ್ನೂ ಬಹಳ ಇತ್ತು.

ಕೆರೆಯ ನೀರು ಇಳಿದು ತೂಬಿನ ಗುಂಡಿಯ ಸುತ್ತ ಮಾತ್ರ ನಿಂತಿತ್ತು. ಆ ಗುಂಡಿಯಲ್ಲಿ ಒಂದು ದೊಡ್ಡ ಕುಚ್ಚು ಮೀನು ಇತ್ತು, ಹಾವಿನಂಥ ತಲೆಯದು. ಮೂರು ವರ್ಷದಿಂದ ಅಮೂಲ್ಯಾಳ ಕಣ್ಣು ಅದರ ಮೇಲೆ. ಎರಡು ಸಲ ಅವಳ ದಾರ ಹರಿದುಕೊಂಡು ಹೋಗಿತ್ತು.

ಆ ಭಾನುವಾರ ಗುಂಡಿಯ ಅಂಚಿನಲ್ಲಿ ನೀರು ಕೆಂಪಗೆ ಕುದಿಯುವಂತೆ ಕಂಡಿತು. ಕುಚ್ಚಿನ ಮರಿಗಳು, ನೂರಾರು, ಕುಂಕುಮ ಚೆಲ್ಲಿದ ಹಾಗೆ. ಮರಿಗಳ ಕೆಳಗೇ ತಾಯಿ ಇರುತ್ತದೆ, ಹತ್ತಿರ ಏನು ಬಿದ್ದರೂ ಹಸಿವಿಗಲ್ಲ, ಸಿಟ್ಟಿಗೆ ಕಚ್ಚುತ್ತದೆ, ಅಂಥದ್ದಕ್ಕೆ ಗಾಳ ಹಾಕಬಾರದೆಂದು ಅನುಷಾಳ ಅಪ್ಪ ಹೇಳಿದ್ದ. ಅವಳು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮೂಲ್ಯಾಳ ಗಾಳ ನೀರಿಗೆ ಬಿದ್ದಾಗಿತ್ತು. ಬಿದಿರಿನ ಕೋಲು ಬಿಲ್ಲಿನಂತೆ ಬಾಗಿತು. ಸ್ವಲ್ಪ ಹೊತ್ತಿಗೆ ಮೊಳದುದ್ದದ ಮೀನು ಕೆಸರಿನ ಮೇಲೆ ಹೊರಳಾಡುತ್ತಿತ್ತು.

ಅನುಷಾ ಮೀನನ್ನು ನೋಡಲಿಲ್ಲ. ನೀರು ನೋಡುತ್ತಿದ್ದಳು. ಮರಿಗಳು ದಿಕ್ಕಾಪಾಲಾಗಿದ್ದವು, ಎಲ್ಲಿಂದಲೋ ಬಂದ ಜಿಲೇಬಿ ಮೀನುಗಳು ಅವನ್ನು ಒಂದೊಂದಾಗಿ ನುಂಗುತ್ತಿದ್ದವು.

"ಬಿಡೇ ಅದನ್ನ," ಅಂದಳು.

"ಮೂರು ವರ್ಷ ಕಣೇ."

"ಗೊತ್ತು. ಅಲ್ಲಿ ನೋಡು."

ಅಮೂಲ್ಯಾ ನೋಡಿದಳು. ಆಮೇಲೆ ಹೆಗಲ ಮೇಲಿನ ವೇಲು ತೆಗೆದು, ಜಾರುವ ಮೀನನ್ನು ಅದರಲ್ಲಿ ಗಟ್ಟಿ ಹಿಡಿದು ಗಾಳ ಬಿಡಿಸಿ ನೀರಿಗೆ ಬಿಟ್ಟಳು. ಕುಚ್ಚು ಒಂದು ಗಳಿಗೆ ಸುಮ್ಮನೆ ನಿಂತು ಮುಳುಗಿತು. ಕೆಂಪು ಮತ್ತೆ ಒಂದು ಕಡೆ ಕೂಡಿಕೊಂಡಿತು, ಮೊದಲಿಗಿಂತ ಚಿಕ್ಕದಾಗಿ.

ತಪ್ಪು ನಡೆದದ್ದು ಆಮೇಲೆ. ಅಮೂಲ್ಯಾ ಒಂದು ಕವರಿನಲ್ಲಿ ತಾಯಿಯ ಹೊಸ ಬ್ಲೌಸು ಇಟ್ಟುಕೊಂಡಿದ್ದಳು; ಅನುಷಾ ಹೊಲಿದು ಅವತ್ತೇ ಕೊಟ್ಟಿದ್ದು. ಹಿಡಿದ ನಾಲ್ಕು ಜಿಲೇಬಿ ಒಯ್ಯಲು ಅನುಷಾಗೆ ಆ ಕವರು ಬೇಕಾಯಿತು. ಬ್ಲೌಸನ್ನು ವೇಲಲ್ಲಿ ಸುತ್ತಿಕೋ, ಬಿಸಿಲಿಗೆ ಒಣಗಿದೆಯಲ್ಲ, ಅಂದಳು. ಇಬ್ಬರೂ ಹುಣಸೆ ಸೊಪ್ಪು ಹಾಕಿ ಕೈ ಚೆನ್ನಾಗಿ ಉಜ್ಜಿ ತೊಳೆದರು. ಏಳು ವರ್ಷದಿಂದ ತೊಳೆದದ್ದು ಕೈ ಮಾತ್ರ; ವೇಲಿನ ನೆನಪು ಯಾರಿಗೂ ಬರಲಿಲ್ಲ.

ಸೋಮವಾರ ಅಮೂಲ್ಯಾ ಬರಲಿಲ್ಲ. ಅನುಷಾ ಚಿಪ್ಪು ಹಿಡಿದು ಬಿಸಿಲೇರುವವರೆಗೆ ಕಾದು, ಹುಳುಗಳನ್ನು ಬಾಳೆ ಬುಡಕ್ಕೇ ಸುರಿದಳು. ಮಂಗಳವಾರ ಅಮೂಲ್ಯಾಳ ತಾತ ಮಲ್ಲಿಕಾರ್ಜುನಯ್ಯ ಬಂದು ಜಗಲಿಯ ಮೇಲೆ ಒಂದು ಪೊಟ್ಟಣ ಇಟ್ಟು, ಹುಲಿಗೆಮ್ಮನ ಆರೋಗ್ಯ ವಿಚಾರಿಸಿ ಹೊರಟುಹೋದರು. ಬಿಚ್ಚಿದರೆ ಅದೇ ಬ್ಲೌಸು, ಒಗೆದು ಮಡಿಸಿದ್ದು. ಮಡಿಕೆಯ ಮೇಲೆ, ಬೇಕೆಂದೇ ಇಟ್ಟಂತೆ, ಉಗುರಿನಷ್ಟು ಅಗಲದ ಒಂದು ಒಣಗಿದ ಮೀನಿನ ಪೊರೆ.

ಅನುಷಾ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪೆಟ್ಟಿಗೆಯಿಂದ ತನಗೆಂದು ಇಟ್ಟುಕೊಂಡಿದ್ದ ಹಸಿರು ಬಟ್ಟೆ ತೆಗೆದು, ಗುರುಶಾಂತಮ್ಮನ ಅಳತೆಗೆ ಕತ್ತರಿಸಿದಳು.

ಬುಧವಾರ ಸಂಜೆ ಮೊದಲ ಸಲ ಅವಳು ಆ ಮನೆಯ ಗೇಟು ದಾಟಿದಳು. ಪಡಸಾಲೆಯಲ್ಲಿ ಗುರುಶಾಂತಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪಕ್ಕದಲ್ಲಿ ತಲೆ ತಗ್ಗಿಸಿ ಅಮೂಲ್ಯಾ. ಅನುಷಾ ಮೆಟ್ಟಿಲ ಮೇಲೆ ಕೂತು ಹಸಿರು ಬ್ಲೌಸು ಮುಂದಿಟ್ಟಳು. ವೇಲಲ್ಲಿ ಸುತ್ತಲು ಹೇಳಿದ್ದು ತಾನೇ, ಅಮೂಲ್ಯಾಳದು ತಪ್ಪಿಲ್ಲ ಎಂದು ನೆಲ ನೋಡಿಕೊಂಡೇ ಹೇಳಿ ಮುಗಿಸಿದಳು.

ಗುರುಶಾಂತಮ್ಮ ಕೈ ನಿಲ್ಲಿಸಲಿಲ್ಲ. "ಏಳು ವರ್ಷ ಹೊಲಿಗೆ ಕಲ್ತೋಳಿಗೆ ಒಂದು ಗುಂಡಿ ಹಾಕಕ್ಕೆ ಬರಲ್ಲ," ಅಂದರು. "ದಿನಾ ಕೈಯೆಲ್ಲ ಹುಣಸೆ ಸೊಪ್ಪಿನ ವಾಸನೆ. ನಂಗೇನು ಮೂಗಿಲ್ವೇನಮ್ಮ?"

ಅಮೂಲ್ಯಾಳ ತುಟಿ ಅಲುಗಿತು. ಕಚ್ಚಿಕೊಂಡಳು.

"ಕೆರೆ ಹತ್ರ ಏನಾದ್ರೂ ಮಾಡ್ಕೊಳ್ಳಿ ಅಂತ ಸುಮ್ನಿದ್ದೆ. ಸೋಮವಾರ ಆ ಬ್ಲೌಸನ್ನೇ ಹಾಕ್ಕೊಂಡು ಲಿಂಗಪೂಜೆಗೆ ಕೂತಿದೀನಿ. ಕೈಲಿ ಲಿಂಗ, ಹೆಗಲ ಮೇಲೆ ಮೀನು."

ಅನುಷಾ ತಪ್ಪಾಯಿತು ಅಂದಳು. ಗುರುಶಾಂತಮ್ಮ ಹಸಿರು ಬ್ಲೌಸನ್ನು ಬಿಚ್ಚಿ ನೋಡಲಿಲ್ಲ, ಪಕ್ಕಕ್ಕೆ ತಳ್ಳಲೂ ಇಲ್ಲ. ಬೀಜಗಳು ಒಂದೊಂದಾಗಿ ಮೊರಕ್ಕೆ ಬೀಳುತ್ತಿದ್ದವು. ಇನ್ನು ಎದ್ದು ಹೋಗಬಹುದಿತ್ತು. ಬೇರೆ ಯಾವ ದಿನವಾದರೂ ಅವಳು ಎದ್ದು ಹೋಗುತ್ತಿದ್ದಳು. ಉಳಿದಿದ್ದ ಹತ್ತು ಬೆಳಗಿನಲ್ಲಿ ಮೂರು ಆಗಲೇ ಕಳೆದಿದ್ದವು. ಅನುಷಾ ತಲೆ ಎತ್ತಿ, ಗುರುಶಾಂತಮ್ಮನ ಮುಖವನ್ನೇ ನೋಡಿ ಕೇಳಿದಳು.

"ಅಮ್ಮಾ, ನಾಳೆ ಬೆಳಗ್ಗೆ ಅಮೂಲ್ಯಾನ ನನ್ ಜೊತೆ ಕೆರೆಗೆ ಕಳಿಸ್ಕೊಡಿ."

ಬೀಜ ಬಿಡಿಸುತ್ತಿದ್ದ ಗುರುಶಾಂತಮ್ಮನ ಕೈ ಆಗ ನಿಂತಿತು.